ಮಲಯಾ ಬಂಡಾಯದ ಚಿತ್ರ ಮತ್ತು ಧ್ವನಿ ದಾಖಲೆಗಳು: ಹುಡುಕುವುದು, ನೋಡುವುದು, ಕೇಳುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

1948ರಿಂದ 1960ರವರೆಗೆ ಮಲಯಾದ (ಇಂದಿನ ಮಲೇಷ್ಯಾದ ಪರ್ಯಾಯದ್ವೀಪ ಭಾಗದ) ರಬ್ಬರ್ ತೋಟ, ತವರದ ಗಣಿ, ಕಾಡಂಚಿನ ಹಳ್ಳಿಗಳಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳಿಗೂ ಬ್ರಿಟಿಷ್ ಸರ್ಕಾರಕ್ಕೂ, 1957ರ ನಂತರ ಸ್ವತಂತ್ರ ಮಲಯಾ ಸರ್ಕಾರಕ್ಕೂ ಹನ್ನೆರಡು ವರ್ಷ ಯುದ್ಧ ನಡೆಯಿತು. ಸರ್ಕಾರ ಅದನ್ನು ‘ತುರ್ತು ಪರಿಸ್ಥಿತಿ’ ಎಂದು ಕರೆಯಿತು. ಅಧಿಕೃತ ಲೆಕ್ಕದಂತೆ ಸುಮಾರು 6,700 ಗೆರಿಲ್ಲಾಗಳು, 1,865 ಮಂದಿ ಭದ್ರತಾ ಪಡೆಯವರು, 2,473 ನಾಗರಿಕರು ಸತ್ತರು. ಈ ಯುದ್ಧದ ಮೇಲೆ ರೀಲುಗಟ್ಟಲೆ ಫಿಲ್ಮ್ ಓಡಿದೆ, ಗಂಟೆಗಟ್ಟಲೆ ಧ್ವನಿ ಮುದ್ರಣವಾಗಿದೆ, ಅದರಲ್ಲಿ ಸಾಕಷ್ಟು ಭಾಗ ಇವತ್ತು ಮನೆಯಲ್ಲೇ ಕುಳಿತು ನೋಡಲು, ಕೇಳಲು ಸಿಗುತ್ತದೆ.

ಆದರೆ ಆ ಹನ್ನೆರಡು ವರ್ಷವೂ ಕ್ಯಾಮೆರಾ, ಮೈಕು ಎರಡೂ ಹೆಚ್ಚುಕಡಿಮೆ ಸರ್ಕಾರದ ಕಡೆಯವರ ಕೈಯಲ್ಲೇ ಇದ್ದವು. ಕಾಡಿನೊಳಗಿದ್ದವರ ಬಳಿ ಕೈಯಿಂದ ತಿರುಗಿಸುವ ಸೈಕ್ಲೋಸ್ಟೈಲ್ ಯಂತ್ರವಿತ್ತು, ಸಿನಿಮಾ ಘಟಕವಿರಲಿಲ್ಲ. ಆದ್ದರಿಂದ ಸಿಕ್ಕಿದ್ದನ್ನು ನೋಡಿ ಮುಗಿಸಿದರೆ ಕೆಲಸ ಆಗುವುದಿಲ್ಲ. ಪ್ರತಿ ರೀಲನ್ನೂ ಒಂದು ಕಡತದ ಜೊತೆಗೆ, ಒಬ್ಬ ಹಳ್ಳಿಗರ ಮಾತಿನ ಜೊತೆಗೆ ಇಟ್ಟು ನೋಡಬೇಕು. ಅದನ್ನು ಮಾಡುವ ಕ್ರಮ ಮುಂದಿದೆ.

ನಮಗ್ಯಾಕೆ ಈ ದೂರದ ಕಥೆ ಎಂದು ಕೇಳಬಹುದು. ಆ ತೋಟಗಳಲ್ಲಿ ರಬ್ಬರ್ ಹಾಲು ಇಳಿಸುತ್ತಿದ್ದವರಲ್ಲಿ ಲಕ್ಷಾಂತರ ಮಂದಿ ದಕ್ಷಿಣ ಭಾರತದವರು, ಬಹುಪಾಲು ತಮಿಳರು. ಅಖಿಲ ಮಲಯಾ ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷ ಎಸ್.ಎ. ಗಣಪತಿ ಅವರನ್ನು 1949ರ ಮೇ 4ರಂದು ಕೌಲಾಲಂಪುರದ ಪುಡು ಜೈಲಿನಲ್ಲಿ ಗಲ್ಲಿಗೇರಿಸಿದರು. ಹಳ್ಳಿಗಳನ್ನು ಎತ್ತಿ ಬೇರೆಡೆ ಕೂರಿಸುವ ಯೋಜನೆ ಹಾಕಿದ ಹೆರಾಲ್ಡ್ ಬ್ರಿಗ್ಸ್, ಬರ್ಮಾದಲ್ಲಿ ಭಾರತೀಯ ಸೇನೆಯ 5ನೇ ಡಿವಿಷನ್ನನ್ನು ನಡೆಸಿದ್ದವರು. ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳನ್ನು ಕಂಡವರಿಗೆ ಆ ಸುದ್ದಿಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ಕೂಲಿ ಲೈನುಗಳನ್ನು ಯಾರೂ ಪರಿಚಯಿಸಬೇಕಾಗಿಲ್ಲ.

ಹಂತ 1: ಮೊದಲು ತಾರೀಕು, ಆಮೇಲೆ ಚಿತ್ರ

ಒಂದು ಹಾಳೆಯಲ್ಲಿ ಈ ತಾರೀಕುಗಳನ್ನು ಬರೆದು ಎದುರಿಗೆ ಅಂಟಿಸಿಕೊಳ್ಳಿ. 1948ರ ಜೂನ್ 16: ಪೆರಾಕ್ ರಾಜ್ಯದ ಸುಂಗೈ ಸಿಪುಟ್ ಬಳಿ ಮೂವರು ಯುರೋಪಿಯನ್ ತೋಟಗಾರರ ಕೊಲೆ. ಎರಡು ದಿನದೊಳಗೆ ತುರ್ತು ಪರಿಸ್ಥಿತಿ ಇಡೀ ಮಲಯಾಕ್ಕೆ ವಿಸ್ತರಣೆ, ಜುಲೈನಲ್ಲಿ ಕಮ್ಯುನಿಸ್ಟ್ ಪಕ್ಷದ ನಿಷೇಧ. ಅದೇ ವರ್ಷ ಡಿಸೆಂಬರ್ 12: ಬಾತಾಂಗ್ ಕಾಲಿಯಲ್ಲಿ ಸ್ಕಾಟ್ಸ್ ಗಾರ್ಡ್ಸ್ ಸೈನಿಕರ ಗುಂಡಿಗೆ ನಿರಾಯುಧರಾದ 24 ಗ್ರಾಮಸ್ಥರು ಬಲಿ. 1950: ಬ್ರಿಗ್ಸ್ ಯೋಜನೆ. 1951ರ ಅಕ್ಟೋಬರ್ 6: ಬ್ರಿಟಿಷ್ ಆಡಳಿತದ ಮುಖ್ಯಸ್ಥ, ಹೈಕಮಿಷನರ್ ಹೆನ್ರಿ ಗರ್ನಿ ಫ್ರೇಸರ್ಸ್ ಹಿಲ್ ರಸ್ತೆಯಲ್ಲಿ ಹೊಂಚುದಾಳಿಗೆ ಬಲಿ. 1952ರ ಫೆಬ್ರವರಿ: ಹೊಸ ಹೈಕಮಿಷನರ್ ಜೆರಾಲ್ಡ್ ಟೆಂಪ್ಲರ್ ಆಗಮನ. 1955ರ ಡಿಸೆಂಬರ್ 28 ಮತ್ತು 29: ಗೆರಿಲ್ಲಾ ನಾಯಕರ ಜೊತೆ ಬಾಲಿಂಗ್ ಊರಿನಲ್ಲಿ ಮಾತುಕತೆ. 1957ರ ಆಗಸ್ಟ್ 31: ಸ್ವಾತಂತ್ರ್ಯ. 1960ರ ಜುಲೈ 31: ತುರ್ತು ಪರಿಸ್ಥಿತಿಯ ಅಂತ್ಯ.

ಈ ಹಾಳೆಯಿಲ್ಲದೆ ನೋಡಲು ಕುಳಿತರೆ 1949ರ ಗಸ್ತೂ ಒಂದೇ, 1956ರ ಗಸ್ತೂ ಒಂದೇ ಎನಿಸುತ್ತದೆ. ತಾರೀಕು ಗೊತ್ತಿದ್ದರೆ ಆ ಚಿತ್ರ ಯಾವ ಸೋಲಿನ ಮಾರನೆಯ ದಿನ ತಯಾರಾಯಿತು, ಯಾವ ಸುದ್ದಿಯನ್ನು ಮರೆಸಲು ಬಂತು ಎಂದು ಕೇಳಬಹುದು. ಗರ್ನಿ ಸತ್ತ ಮೇಲಿನ ತಿಂಗಳುಗಳ ಸುದ್ದಿಚಿತ್ರಗಳನ್ನೂ ಟೆಂಪ್ಲರ್ ಬಂದ ಮೇಲಿನವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಹಂತ 2: ಕ್ಯಾಮೆರಾ ಹಿಂದೆ ಯಾರಿದ್ದರು?

ಮೂರು ಗುಂಪುಗಳನ್ನು ಬೇರೆಬೇರೆಯಾಗಿ ಗುರುತಿಸಿ.

ಮೊದಲನೆಯದು ಮಲಯನ್ ಫಿಲ್ಮ್ ಯೂನಿಟ್. 1946ರಲ್ಲಿ ಕೌಲಾಲಂಪುರದಲ್ಲಿ ಸರ್ಕಾರವೇ ಹುಟ್ಟುಹಾಕಿದ ಈ ಘಟಕ ಮುಂದೆ ಫಿಲೆಮ್ ನೆಗಾರಾ ಮಲೇಷ್ಯಾ ಆಯಿತು. ನಮ್ಮ ಫಿಲ್ಮ್ಸ್ ಡಿವಿಷನ್ ನೋಡಿ ಬೆಳೆದವರಿಗೆ ಇದರ ಧಾಟಿ ಬೇಗ ಹಿಡಿಯುತ್ತದೆ: ಸರ್ಕಾರದ ಕಾರ್ಯಕ್ರಮ, ಆತ್ಮವಿಶ್ವಾಸದ ನಿರೂಪಣೆ, ಕೊನೆಗೆ ನಗುವ ಮಕ್ಕಳು. ಈ ಚಿತ್ರಗಳು ಪಟ್ಟಣದ ಥಿಯೇಟರಿಗಷ್ಟೇ ಹೋಗಲಿಲ್ಲ. ಪರದೆ, ಪ್ರೊಜೆಕ್ಟರ್, ಜನರೇಟರ್, ಧ್ವನಿವರ್ಧಕ ಹೊತ್ತ ವ್ಯಾನುಗಳು ಹಳ್ಳಿಹಳ್ಳಿಗೆ ತಿರುಗಿದವು. ಒಂದೇ ಚಿತ್ರಕ್ಕೆ ಇಂಗ್ಲಿಷ್, ಮಲಯ, ಚೀನೀ, ತಮಿಳು ನಿರೂಪಣೆಗಳು ಬೇರೆಬೇರೆ ಇರುತ್ತಿದ್ದವು. ಇದನ್ನು ಚೆನ್ನಾಗಿ ನೆನಪಿಡಿ: ಜಾಲತಾಣದಲ್ಲಿ ಸಿಗುವ ಇಂಗ್ಲಿಷ್ ಪ್ರತಿ, ಆ ಚಿತ್ರವನ್ನು ಆ ಹಳ್ಳಿಯವರು ಕೇಳಿದ ಪ್ರತಿಯಲ್ಲ.

ಎರಡನೆಯದು ಲಂಡನ್ನಿನ ಸುದ್ದಿಚಿತ್ರ ಕಂಪನಿಗಳು: ಪಾಥೆ, ಮೂವಿಟೋನ್, ಗೋಮೋಂಟ್. ಇವರ ಪ್ರೇಕ್ಷಕ ಬ್ರಿಟನ್ನಿನ ಥಿಯೇಟರಿನಲ್ಲಿ ಕೂತವನು, ತನ್ನ ಮಗನನ್ನು ಕಡ್ಡಾಯ ಸೈನ್ಯಸೇವೆಗೆ ಮಲಯಾಕ್ಕೆ ಕಳಿಸಿದವನು. ಹಾಗಾಗಿ ಅಲ್ಲಿ ಎದ್ದು ಕಾಣುವುದು ‘ನಮ್ಮ ಹುಡುಗರು’.

ಮೂರನೆಯದು ಕಥಾಚಿತ್ರಗಳು. ತೋಟಗಾರನ ಬಂಗಲೆ, ಮುತ್ತಿಗೆ ಹಾಕುವ ಗೆರಿಲ್ಲಾಗಳು, ಧೈರ್ಯದ ಹೆಂಡತಿ ಎಂಬ ಅಚ್ಚು ಇಲ್ಲೇ ಎರಕವಾಯಿತು. ಇವುಗಳಿಂದ ಕಾಡಿನ ಯುದ್ಧದ ಬಗ್ಗೆ ಏನೂ ತಿಳಿಯುವುದಿಲ್ಲ. ಲಂಡನ್ ಏನನ್ನು ನಂಬಲು ಬಯಸಿತ್ತು ಎಂಬುದು ತಿಳಿಯುತ್ತದೆ. ಆರಂಭದಲ್ಲಿ ಇವುಗಳ ಮೇಲೆ ಸಮಯ ಹಾಕಬೇಡಿ.

ಹಂತ 3: ಎಲ್ಲಿ ಹುಡುಕಬೇಕು, ಯಾವ ಪದ ಹಾಕಬೇಕು

‘ಕಲೋನಿಯಲ್ ಫಿಲ್ಮ್’ ಜಾಲತಾಣದಿಂದ ಶುರುಮಾಡಿ. ಬ್ರಿಟಿಷ್ ಸಾಮ್ರಾಜ್ಯದ 6,000ಕ್ಕೂ ಹೆಚ್ಚು ಚಿತ್ರಗಳ ಪಟ್ಟಿ ಅಲ್ಲಿದೆ. ಎಲ್ಲವೂ ನೋಡಲು ಸಿಗುವುದಿಲ್ಲ, ಆದರೆ ಮುಖ್ಯವಾದ ಹಲವು ಚಿತ್ರಗಳಿಗೆ ತಯಾರಿಕೆಯ ಹಿನ್ನೆಲೆ ಮತ್ತು ವಿಮರ್ಶೆ ಇದೆ. ಅದನ್ನು ಮೊದಲು ಓದಬೇಡಿ. ಚಿತ್ರ ನೋಡಿ, ನಿಮ್ಮ ಟಿಪ್ಪಣಿ ಬರೆದು, ಆಮೇಲೆ ಓದಿ.

ಬ್ರಿಟಿಷ್ ಪಾಥೆ 2014ರಲ್ಲಿ ಸುಮಾರು 85,000 ಸುದ್ದಿಚಿತ್ರಗಳನ್ನು ಯೂಟ್ಯೂಬ್‌ಗೆ ಹಾಕಿತು. ಮರುವರ್ಷ ಮೂವಿಟೋನ್ ಸಂಗ್ರಹವೂ ಬಂತು. ಇವೆರಡರಲ್ಲಿ ಮಲಯಾದ ತುಣುಕುಗಳು ಒಂದೆರಡು ನಿಮಿಷದವು, ಬೇಗ ನೋಡಿ ಮುಗಿಸಬಹುದು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಚಿತ್ರಗಳ ಜೊತೆಗೆ ಮಲಯಾದಲ್ಲಿ ಸೇವೆ ಮಾಡಿದ ಸೈನಿಕರ ಧ್ವನಿ ಸಂದರ್ಶನಗಳ ದೊಡ್ಡ ರಾಶಿಯಿದೆ. ಬಹಳಷ್ಟನ್ನು ಅದರ ಜಾಲತಾಣದಲ್ಲೇ ಕೇಳಬಹುದು. ಸಿಂಗಪುರ ರಾಷ್ಟ್ರೀಯ ಪತ್ರಾಗಾರದ ಮೌಖಿಕ ಇತಿಹಾಸ ಕೇಂದ್ರ 1979ರಿಂದ ಜನರ ಮಾತು ಮುದ್ರಿಸುತ್ತಾ ಬಂದಿದೆ. ಮಲೇಷ್ಯಾದಲ್ಲಿ ಆರ್ಕಿಬ್ ನೆಗಾರಾ (ಅಲ್ಲಿನ ರಾಷ್ಟ್ರೀಯ ಪತ್ರಾಗಾರ) ಮತ್ತು ಫಿಲೆಮ್ ನೆಗಾರಾ ಸಂಗ್ರಹಗಳಿವೆ. ಅಲ್ಲಿಯದಕ್ಕೆ ಪತ್ರ ಬರೆದು ಕಾಯುವ ತಾಳ್ಮೆ ಬೇಕು.

ಹುಡುಕುವ ಪದಗಳಲ್ಲೇ ಅನೇಕರು ಎಡವುತ್ತಾರೆ. ಇಂಗ್ಲಿಷಿನಲ್ಲಿ ಹುಡುಕುವಾಗ ಅಂದಿನ ಕಾಗುಣಿತವನ್ನೇ ಹಾಕಿ. ಇಂದಿನ ‘ಸುಂಗೈ’ (Sungai) ಆಗ ‘ಸುಂಗೇಯಿ’ (Sungei) ಎಂಬಂತೆ ಬರೆಯಲ್ಪಡುತ್ತಿತ್ತು, ‘ಜೊಹೋರ್’ (Johor) ಕೊನೆಗೆ ಒಂದು ಅಕ್ಷರ ಹೆಚ್ಚಿತ್ತು (Johore), ‘ತಂಜುಂಗ್’ (Tanjung) ಬದಲು ‘ತಂಜೊಂಗ್’ (Tanjong). ಗೆರಿಲ್ಲಾಗಳಿಗೆ ಅಧಿಕೃತವಾಗಿ 1952ರವರೆಗೆ ‘ಬ್ಯಾಂಡಿಟ್’ (ಡಕಾಯಿತ), ಆಮೇಲೆ ‘ಕಮ್ಯುನಿಸ್ಟ್ ಟೆರರಿಸ್ಟ್’ ಎಂಬ ಹೆಸರಿತ್ತು. ಎರಡನ್ನೂ ಬೇರೆಬೇರೆ ಹುಡುಕಿ. ತಾರೀಕು ನಮೂದಾಗಿರದ ಚಿತ್ರದ ಕಾಲವನ್ನು ಅಂದಾಜಿಸಲೂ ನಿರೂಪಕನ ಬಾಯಿಂದ ಬರುವ ಈ ಪದ ನೆರವಾಗುತ್ತದೆ. ಪಟ್ಟಿಗಳಲ್ಲಿ ‘ಕಮ್ಯುನಿಸ್ಟ್’ ಎಂಬ ಪದವೇ ಇಲ್ಲದ ಚಿತ್ರಗಳೂ ಬಹಳ. ಆದ್ದರಿಂದ ರಬ್ಬರ್, ತವರ, ಹೋಮ್ ಗಾರ್ಡ್, ಗುರುತಿನ ಚೀಟಿ, ಹೊಸ ಹಳ್ಳಿ ಎಂದೂ ಹುಡುಕಬೇಕು. ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವ ದೃಶ್ಯಗಳು ಇಂಥ ಅಡ್ಡದಾರಿಯಲ್ಲೇ ಸಿಕ್ಕಿವೆ.

ಹಂತ 4: ಮೂರು ಸುತ್ತಿನ ನೋಟ

ಮೊದಲ ಸುತ್ತಿನಲ್ಲಿ ಧ್ವನಿ ಪೂರ್ತಿ ಆರಿಸಿ ನೋಡಿ. ಎರಡನೆಯದರಲ್ಲಿ ಪರದೆ ಮುಚ್ಚಿ ಕೇಳಿ ಮಾತ್ರ. ಮೂರನೆಯದರಲ್ಲಿ ಎರಡನ್ನೂ ಸೇರಿಸಿ. ಇದು ಶಿಸ್ತಿನ ಹೆಸರಿನ ಹಿಂಸೆಯಲ್ಲ, ಅದಕ್ಕೆ ತಾಂತ್ರಿಕ ಕಾರಣವಿದೆ. ಆಗಿನ ಸುದ್ದಿಚಿತ್ರಗಳ ಹೊರಾಂಗಣ ದೃಶ್ಯಗಳನ್ನು ಬಹುಮಟ್ಟಿಗೆ ಧ್ವನಿಯಿಲ್ಲದೆಯೇ ಚಿತ್ರೀಕರಿಸುತ್ತಿದ್ದರು. ಗುಂಡಿನ ಸದ್ದು, ಹಕ್ಕಿಯ ಕೂಗು, ಲಾರಿಯ ಗುರುಗುರು, ಸಂಗೀತ, ನಿರೂಪಣೆ ಎಲ್ಲವೂ ಸಾವಿರಾರು ಮೈಲಿ ದೂರದ ಸ್ಟುಡಿಯೋದಲ್ಲಿ ಸೇರುತ್ತಿದ್ದವು. ಅಂದರೆ ನೀವು ಕೇಳುವ ಕಾಡು ಮಲಯಾದ ಕಾಡಲ್ಲದೆ ಇರಬಹುದು.

ಧ್ವನಿಯಿಲ್ಲದ ಸುತ್ತಿನಲ್ಲಿ ಕ್ಯಾಮೆರಾ ಎಲ್ಲಿ ನಿಂತಿದೆ ನೋಡಿ. ಹೊಂಚುದಾಳಿಗೆ ಸಿಕ್ಕ ಸೈನಿಕರ ಮುಖವನ್ನು ಎದುರಿನಿಂದ, ಅಲುಗಾಡದ ಕ್ಯಾಮೆರಾದಲ್ಲಿ ಕಂಡರೆ, ಆ ಕ್ಯಾಮೆರಾ ಶತ್ರು ಇರಬೇಕಾದ ಜಾಗದಲ್ಲಿ ನಿಂತಿದೆ. ಅದು ಮರುನಟನೆ. ಬೆಳಕನ್ನೂ ಗಮನಿಸಿ. ಮಲಯಾದ ದಟ್ಟ ಕಾಡಿನ ನೆಲಕ್ಕೆ ಬೆಳಕು ಬೀಳುವುದೇ ಕಡಿಮೆ, ಆ ಕಾಲದ ಫಿಲ್ಮ್‌ಗೋ ಬೆಳಕು ಜಾಸ್ತಿ ಬೇಕು. ಎಲೆಯೆಲೆಯೂ ಹೊಳೆಯುವ ‘ಕಾಡಿನ ಕಾಳಗ’ ರಸ್ತೆ ಬದಿಯಲ್ಲೋ ತೋಟದ ಅಂಚಿನಲ್ಲೋ ನಡೆದಿರುವ ಸಾಧ್ಯತೆಯೇ ಹೆಚ್ಚು. ಚಾವಿ ಕೊಟ್ಟು ಓಡಿಸುವ ಕೈ ಕ್ಯಾಮೆರಾದಲ್ಲಿ 100 ಅಡಿಯ 35 ಮಿ.ಮೀ. ರೀಲು ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬರುತ್ತಿತ್ತು ಅಷ್ಟೇ. ಹಾಗಾಗಿ ಒಂದೇ ಘಟನೆ ನಾಲ್ಕಾರು ಕೋನಗಳಿಂದ ಅಚ್ಚುಕಟ್ಟಾಗಿ ಕಂಡರೆ, ಯಾರೋ ನಿಲ್ಲಿಸಿ, ಮತ್ತೆ ಮಾಡಿಸಿದ್ದಾರೆ.

ಮರುನಟನೆ ಎಂದ ತಕ್ಷಣ ಅದನ್ನು ಎಸೆಯಬೇಡಿ. ಅದರಲ್ಲೂ ಬೂಟು, ಬಂದೂಕು, ಮನೆ, ಬೆಳೆ, ಜನರ ಮೈಕಟ್ಟು ಎಲ್ಲ ನಿಜವೇ. ಮತ್ತು ನಿರ್ದೇಶಕ ಗಮನಿಸದೆ ಬಿಟ್ಟ ಚೌಕಟ್ಟಿನ ಅಂಚು ಇದೆ. ಅಂಚಿನಲ್ಲಿ ನಿಂತು ದುರುಗುಟ್ಟಿ ನೋಡುವ ಹೆಂಗಸೊಬ್ಬಳು, ಕೈ ಕಟ್ಟಿ ನಿಂತ ಮುದುಕನೊಬ್ಬ ನಿರೂಪಣೆ ಹೇಳದ್ದನ್ನು ಹೇಳಿಬಿಡುತ್ತಾರೆ.

ಹಂತ 5: ಒಂದು ವಿಷಯ ಹಿಡಿದು ಅಗೆಯಿರಿ: ಹೊಸ ಹಳ್ಳಿಗಳು

ಎಲ್ಲವನ್ನೂ ನೋಡಲು ಹೋದರೆ ದಡ ಸೇರುವುದಿಲ್ಲ. ಒಂದೇ ವಿಷಯ ಆಯ್ದುಕೊಳ್ಳುವುದಾದರೆ ಇದನ್ನೇ ಆಯ್ದುಕೊಳ್ಳಿ ಎನ್ನುತ್ತೇನೆ. ಬ್ರಿಗ್ಸ್ ಯೋಜನೆಯಡಿ ಕಾಡಂಚಿನಲ್ಲಿ ಭೂಮಿ ಉಳುತ್ತಿದ್ದ ಸುಮಾರು 5 ಲಕ್ಷ ಜನರನ್ನು, ಹೆಚ್ಚಿನವರು ಚೀನೀಯರು, 400ಕ್ಕೂ ಹೆಚ್ಚು ‘ಹೊಸ ಹಳ್ಳಿ’ಗಳಿಗೆ ಸಾಗಿಸಲಾಯಿತು. ಇದಲ್ಲದೆ ತೋಟ, ಗಣಿಗಳ ಲಕ್ಷಾಂತರ ಕೂಲಿಗಳ ಲೈನುಗಳನ್ನೂ ಒಂದೆಡೆ ಒಟ್ಟುಗೂಡಿಸಿದರು. ಭಾರತೀಯರು ಸಿಕ್ಕಿಬಿದ್ದದ್ದು ಇಲ್ಲಿ. ಮುಳ್ಳುತಂತಿ, ಕಾವಲು ಗೋಪುರ, ಕರ್ಫ್ಯೂ, ಗೇಟಿನಲ್ಲಿ ಮೈ ತಪಾಸಣೆ. ಗೆರಿಲ್ಲಾಗಳಿಗೆ ಒಂದು ಹಿಡಿ ಅಕ್ಕಿಯೂ ಹೊರಗೆ ಹೋಗಬಾರದು ಎಂಬುದು ಉದ್ದೇಶ.

ಮಲಯನ್ ಫಿಲ್ಮ್ ಯೂನಿಟ್ 1951ರಲ್ಲಿ ತಯಾರಿಸಿದ ‘ಎ ನ್ಯೂ ಲೈಫ್: ಸ್ಕ್ವಾಟರ್ ರೀಸೆಟಲ್‌ಮೆಂಟ್’ ಈ ಸ್ಥಳಾಂತರದ ಬಗ್ಗೆಯೇ ಇದೆ. ಹೆಸರೇ ಅದರ ನಿಲುವನ್ನು ಸಾರುತ್ತದೆ. ಇಂಥ ಚಿತ್ರವನ್ನು ನೋಡುವಾಗ ನಾಲ್ಕು ಪ್ರಶ್ನೆ ಕೈಯಲ್ಲಿಟ್ಟುಕೊಳ್ಳಿ. ಹಳೆಯ ಮನೆಗೆ ಏನಾಯಿತು ಎಂದು ತೋರಿಸುತ್ತದೆಯೇ? ಹೊರಡಲು ಎಷ್ಟು ಹೊತ್ತು ಕೊಟ್ಟರು? ಮುಳ್ಳುತಂತಿ ಯಾವ ಕೋನದಿಂದ ಕಾಣುತ್ತದೆ, ಒಳಗಿನಿಂದಲೋ ಹೊರಗಿನಿಂದಲೋ? ಸಾಗಿಸಲ್ಪಟ್ಟವರು ಒಬ್ಬರಾದರೂ ತಮ್ಮ ಬಾಯಿಂದ ಮಾತಾಡುತ್ತಾರೆಯೇ, ಇಲ್ಲ ಅವರ ಪರವಾಗಿ ನಿರೂಪಕನೇ ಎಲ್ಲ ಹೇಳುತ್ತಾನೆಯೇ?

ಉತ್ತರ ಬರೆದುಕೊಂಡ ಮೇಲೆ 17ಡಿ ತುರ್ತು ನಿಯಮವನ್ನು ಹುಡುಕಿ ಓದಿ. 1949ರ ಜನವರಿಯಲ್ಲಿ ಬಂದ ಈ ನಿಯಮ ಒಂದು ಪ್ರದೇಶದ ಜನರನ್ನು ಸಾಮೂಹಿಕವಾಗಿ ಬಂಧಿಸಲು ಅಧಿಕಾರ ಕೊಟ್ಟಿತ್ತು. 1952ರಲ್ಲಿ ತಂಜೊಂಗ್ ಮಾಲಿಂ ಪಟ್ಟಣಕ್ಕೆ ಟೆಂಪ್ಲರ್ ವಿಧಿಸಿದ ಸಾಮೂಹಿಕ ಶಿಕ್ಷೆಯ ಸುದ್ದಿಯನ್ನೂ ಓದಿ: ಅಕ್ಕಿಯ ಪಡಿತರ ಕಡಿತ, ದಿನದ ಬಹುಪಾಲು ಕರ್ಫ್ಯೂ. ಆಮೇಲೆ ಚಿತ್ರವನ್ನು ಮತ್ತೆ ನೋಡಿ. ಮೊದಲ ಸಲ ಶಾಲೆ, ಆಸ್ಪತ್ರೆ, ನಲ್ಲಿ ನೀರು ಕಂಡಿದ್ದವು. ಅವೂ ಸುಳ್ಳಲ್ಲ, ಎಷ್ಟೋ ಹಳ್ಳಿಗಳಿಗೆ ನಿಜವಾಗಿ ಬಂದವು. ಆದರೆ ಈಗ ಗೇಟೂ ಕಾಣುತ್ತದೆ.

ಹಂತ 6: ಕಿವಿಗೆ ಕೆಲಸ ಕೊಡಿ

ರೇಡಿಯೋ ಮಲಯಾ 1946ರಿಂದ ಇಂಗ್ಲಿಷ್, ಮಲಯ, ತಮಿಳು ಮತ್ತು ಚೀನೀ ಭಾಷೆಯ ಹಲವು ಪ್ರಭೇದಗಳಲ್ಲಿ ಪ್ರಸಾರ ಮಾಡುತ್ತಿತ್ತು. ಹಳ್ಳಿ, ತೋಟಗಳಲ್ಲಿ ಸಾರ್ವಜನಿಕ ರೇಡಿಯೋ ಪೆಟ್ಟಿಗೆಗಳನ್ನಿಟ್ಟು ಗುಂಪಾಗಿ ಕೇಳಿಸುವ ವ್ಯವಸ್ಥೆಯಿತ್ತು. 1950ರಲ್ಲಿ ಪ್ರಚಾರ ವಿಭಾಗದ ಹೊಣೆ ಹೊತ್ತು ಬಂದವರು ಹ್ಯೂ ಕಾರ್ಲ್‌ಟನ್ ಗ್ರೀನ್. ಮುಂದೆ ಬಿಬಿಸಿಯ ಮಹಾನಿರ್ದೇಶಕರಾದರು. ಐವತ್ತರ ದಶಕದ ಮಧ್ಯದಿಂದ ಮಾನಸಿಕ ಯುದ್ಧದ ಮಿದುಳು ಸಿ.ಸಿ. ಟೂ ಎಂಬ ಸ್ಥಳೀಯ ಚೀನೀ ಅಧಿಕಾರಿ. ಕಾಡಿನವರ ಮನಸ್ಸು ಅವರಿಗೆ ಒಳಗಿನಿಂದ ಗೊತ್ತಿತ್ತು.

ಧ್ವನಿ ದಾಖಲೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಆಕಾಶದಿಂದ ಬಂದ ಧ್ವನಿ. ಡಕೋಟಾ, ಆಸ್ಟರ್ ವಿಮಾನಗಳಿಗೆ ಧ್ವನಿವರ್ಧಕ ಕಟ್ಟಿ, ಕಾಡಿನ ಮೇಲೆ ಸುತ್ತುತ್ತಾ, ಮುದ್ರಿಸಿದ ಸಂದೇಶವನ್ನು ಮತ್ತೆಮತ್ತೆ ಕೇಳಿಸುತ್ತಿದ್ದರು: ಹೊರಗೆ ಬನ್ನಿ, ಯಾರೂ ಕೊಲ್ಲುವುದಿಲ್ಲ. ಎಷ್ಟೋ ಸಲ ಅದು ಇತ್ತೀಚೆಗೆ ಶರಣಾದವನದೇ ದನಿ, ಕಾಡಿನಲ್ಲಿ ಉಳಿದ ಗೆಳೆಯನ ಹೆಸರು ಹಿಡಿದು ಕೂಗುವುದು. ಇಂಥ ಧ್ವನಿ ಸಿಕ್ಕರೆ, ಇಲ್ಲವೇ ಅದರ ಪಠ್ಯ ಕಡತದಲ್ಲಿ ಸಿಕ್ಕರೆ, ಇವಿಷ್ಟು ಬರೆದಿಡಿ: ಭಾಷೆ ಯಾವುದು, ಯಾರ ದನಿ, ಯಾರನ್ನು ಹೆಸರಿಸಿದೆ, ಏನು ಭರವಸೆ ಕೊಟ್ಟಿದೆ, ಏನನ್ನು ಹೇಳದೆ ಬಿಟ್ಟಿದೆ. ಶರಣಾಗಿ ಕೆಲವೇ ದಿನಗಳಾದ ಮನುಷ್ಯ ಸರ್ಕಾರದ ಮೈಕಿನ ಮುಂದೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯನ್ನು ಪ್ರತಿ ಟಿಪ್ಪಣಿಯ ಮೇಲೂ ಬರೆಯಿರಿ.

ತಮಿಳು ಬಲ್ಲ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಬೆಂಗಳೂರಿನಲ್ಲಿ, ಕೋಲಾರದ ಗಣಿಯ ಊರುಗಳಲ್ಲಿ ಬೆಳೆದವರು ತಮಿಳು ಸಂದರ್ಶನಗಳನ್ನು ನೇರವಾಗಿ ಕೇಳಿ ಅರ್ಥಮಾಡಿಕೊಳ್ಳಬಲ್ಲರು. ಈ ಬಂಡಾಯದ ಬಗ್ಗೆ ಬರೆಯುವ ಎಷ್ಟೋ ವಿದ್ವಾಂಸರಿಗೆ ಈ ಕಿವಿಯಿಲ್ಲ. ದಯವಿಟ್ಟು ಇದನ್ನು ಬಳಸಿ.

ಹಂತ 7: ಕಾಡಿನ ಕಡೆಯ ದನಿ

ಅದು ಬಹುಪಾಲು ತಡವಾಗಿ ಬಂದದ್ದು. ಬಾಲಿಂಗ್ ಮಾತುಕತೆ ಒಳ್ಳೆಯ ಉದಾಹರಣೆ. ಪಕ್ಷದ ಪ್ರಧಾನ ಕಾರ್ಯದರ್ಶಿ ಚಿನ್ ಪೆಂಗ್, ರಶೀದ್ ಮೈದಿನ್ ಮತ್ತು ಚೆನ್ ತಿಯೆನ್ ಜೊತೆ ಕಾಡಿನಿಂದ ಹೊರಬಂದು ಶಾಲೆಯೊಂದರಲ್ಲಿ ಮಲಯಾದ ಮುಖ್ಯಮಂತ್ರಿ ಟುಂಕು ಅಬ್ದುಲ್ ರಹಮಾನ್, ಸಿಂಗಪುರದ ಮುಖ್ಯಮಂತ್ರಿ ಡೇವಿಡ್ ಮಾರ್ಷಲ್, ಮಲಯಾದ ಚೀನೀ ಸಂಘದ ನಾಯಕ ಟಾನ್ ಚೆಂಗ್ ಲಾಕ್ ಅವರ ಎದುರು ಕುಳಿತರು. ಸುದ್ದಿ ಕ್ಯಾಮೆರಾಗಳಿಗೆ ಸಿಕ್ಕಿದ್ದು ಬರುವುದು, ಹೋಗುವುದು, ಮುಖಗಳು. ಒಳಗಿನ ಮಾತು ಲಿಖಿತ ನಡಾವಳಿಯಲ್ಲಿದೆ. ಶರಣಾಗತಿಯ ಷರತ್ತಿಗೆ ಚಿನ್ ಪೆಂಗ್ ಒಪ್ಪಲಿಲ್ಲ ಎಂಬ ಮುಖ್ಯ ಸಂಗತಿ ಚಿತ್ರದಿಂದ ಗೊತ್ತಾಗುವುದಿಲ್ಲ. ನಡಾವಳಿ ಓದಿ, ಆಮೇಲೆ ಆ ಮುಖಗಳನ್ನು ನೋಡಿ.

ಪಕ್ಷಕ್ಕೆ ತನ್ನದೇ ಪ್ರಬಲ ರೇಡಿಯೋ ಸಿಕ್ಕಿದ್ದು ವಸಾಹತು ಆಳ್ವಿಕೆ ಮುಗಿದ ಮೇಲೆ, 1969ರ ನವೆಂಬರ್‌ನಲ್ಲಿ. ಚೀನಾದ ಹುನಾನ್‌ನಿಂದ ‘ಮಲಯಾ ಕ್ರಾಂತಿಯ ಧ್ವನಿ’ 1981ರವರೆಗೆ ಪ್ರಸಾರವಾಯಿತು. ಬಿಬಿಸಿ ಮಾನಿಟರಿಂಗ್ ಆ ಪ್ರಸಾರಗಳನ್ನು ಆಲಿಸಿ ಸಾರಾಂಶ ಪ್ರಕಟಿಸುತ್ತಿತ್ತು. ದೊಡ್ಡ ಗ್ರಂಥಾಲಯಗಳಲ್ಲಿ ಸಿಗಬಹುದು. 1989ರ ಡಿಸೆಂಬರ್ 2ರಂದು ಹಾಟ್ ಯಾಯ್‌ನಲ್ಲಿ ಶಾಂತಿ ಒಪ್ಪಂದವಾಗಿ, ಹಳೆಯ ಹೋರಾಟಗಾರರು ದಕ್ಷಿಣ ಥಾಯ್ಲೆಂಡ್‌ನ ಊರುಗಳಲ್ಲಿ ನೆಲೆಸಿದ ಮೇಲೆ ಅವರ ಸಂದರ್ಶನಗಳು, ಹಾಡುಗಳು ಮುದ್ರಣವಾಗತೊಡಗಿದವು. ಇವು ನಾಲ್ಕು ದಶಕದ ನಂತರದ ನೆನಪುಗಳು, ಪಕ್ಷದ ಶಿಸ್ತಿನಲ್ಲಿ ಮಾಗಿದವು. ಸರ್ಕಾರದ ಚಿತ್ರಕ್ಕೆ ಹಾಕಿದ ಒರೆಗಲ್ಲನ್ನೇ ಇವಕ್ಕೂ ಹಾಕಿ. ಗೆರಿಲ್ಲಾಗಳ ಕೈಯಲ್ಲಿ ಸತ್ತ ಕೂಲಿಗಳು, ಕಂಗಾಣಿಗಳು (ಕೂಲಿ ಮೇಸ್ತ್ರಿಗಳು), ಹಳ್ಳಿಗರೂ ಇದ್ದಾರೆ. ಅವರ ಮನೆಯವರ ಮಾತನ್ನೂ ಹುಡುಕಿ.

ಬಾತಾಂಗ್ ಕಾಲಿಯ ಬಗ್ಗೆ ಹೇಳಲೇಬೇಕು. ಬಹಿರಂಗವಾಗಿ ಸರ್ಕಾರ ಹೇಳಿದ್ದು, ತಪ್ಪಿಸಿಕೊಳ್ಳಲು ಹೋದವರ ಮೇಲೆ ಗುಂಡು ಹಾರಿತು ಎಂದು. 1970ರಲ್ಲಿ ಕೆಲವು ಮಾಜಿ ಸೈನಿಕರು ಬೇರೆಯೇ ಹೇಳಿಕೆ ಕೊಟ್ಟರು, ಪೊಲೀಸ್ ತನಿಖೆ ಶುರುವಾಗಿ ಅದೇ ವರ್ಷ ನಿಂತಿತು. 1992ರಲ್ಲಿ ಬಿಬಿಸಿ ಸಾಕ್ಷಿಗಳನ್ನು ಕ್ಯಾಮೆರಾ ಮುಂದೆ ಕೂರಿಸಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಸಾರ್ವಜನಿಕ ವಿಚಾರಣೆಗೆ ಆದೇಶಿಸಲು ನಿರಾಕರಿಸಿತಾದರೂ ಆ ತೀರ್ಪಿನಲ್ಲಿ ಸಾಕ್ಷ್ಯಗಳ ಸರಣಿಯೇ ಇದೆ, ಯಾರು ಬೇಕಾದರೂ ಓದಬಹುದು.

ಹಂತ 8: ಕಡತಕ್ಕೆ ಕಟ್ಟಿ

ಸುದ್ದಿಚಿತ್ರದ ಕ್ಯಾಮೆರಾಮನ್ ರೀಲಿನ ಜೊತೆ ಒಂದು ಹಾಳೆ ಕಳಿಸುತ್ತಿದ್ದ: ಎಲ್ಲಿ, ಯಾವಾಗ, ಯಾರು, ಏನು. ಅದಕ್ಕೆ ಡೋಪ್ ಶೀಟ್ ಎನ್ನುತ್ತಾರೆ. ಬ್ರಿಟಿಷ್ ವಿಶ್ವವಿದ್ಯಾಲಯಗಳ ಸುದ್ದಿಚಿತ್ರ ದತ್ತಸಂಚಯದಲ್ಲಿ (British Universities Newsreel Database) ಇಂಥ ಅನೇಕ ಹಾಳೆಗಳ ಸ್ಕ್ಯಾನ್ ಪ್ರತಿಗಳಿವೆ. ಕ್ಯಾಮೆರಾಮನ್ ಬರೆದದ್ದಕ್ಕೂ ನಿರೂಪಕ ಓದಿದ್ದಕ್ಕೂ ವ್ಯತ್ಯಾಸ ಸಿಕ್ಕಿತೆಂದರೆ ಆ ದಿನ ಸಾರ್ಥಕ.

ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿ ವಸಾಹತು ಕಚೇರಿಯ (Colonial Office, CO) ‘ಸಿಒ 1022’, ‘ಸಿಒ 717’, ‘ಸಿಒ 537’, ಪ್ರಚಾರ ವಿಭಾಗದ ‘ಸಿಒ 875’ ಸರಣಿಗಳನ್ನು ನೋಡಿ. ‘ಎಫ್‌ಸಿಒ 141’ ಸರಣಿಯಲ್ಲಿರುವುದು ವಸಾಹತುಗಳಿಂದ ಹೊರಡುವಾಗ ಬ್ರಿಟಿಷರು ಹೊತ್ತೊಯ್ದು, ದಶಕಗಳ ಕಾಲ ಬಚ್ಚಿಟ್ಟು, 2011ರಲ್ಲಿ ಒಪ್ಪಿಕೊಂಡು, 2012ರಿಂದ ಬಿಡುಗಡೆ ಮಾಡಿದ ಕಡತಗಳು, ಮಲಯಾದವೂ ಇವೆ. ಕಡತಪಟ್ಟಿಯನ್ನು ಇಲ್ಲಿಂದಲೇ ಹುಡುಕಬಹುದು, ಬೇಕಾದ ಪುಟಗಳ ಪ್ರತಿಗೆ ಹಣ ಕಟ್ಟಬೇಕು.

ಹಂತ 9: ದಾಖಲೆ ಪುಸ್ತಕ

ಒಂದು ಸ್ಪ್ರೆಡ್‌ಶೀಟ್ ಸಾಕು. ಶೀರ್ಷಿಕೆ, ಇಟ್ಟುಕೊಂಡಿರುವ ಸಂಸ್ಥೆ ಮತ್ತು ಅವರ ಕ್ರಮಸಂಖ್ಯೆ, ವರ್ಷ, ತಯಾರಕರು, ನಿರೂಪಣೆಯ ಭಾಷೆ, ನಿಮಿಷ–ಸೆಕೆಂಡಿನ ಗುರುತು, ಕಂಡದ್ದು, ಕೇಳಿದ್ದು, ನಿಮ್ಮ ಊಹೆ. ‘ಕಂಡದ್ದು’ ಮತ್ತು ‘ಊಹೆ’ ಯಾವ ಕಾರಣಕ್ಕೂ ಒಂದೇ ಕಾಲಂನಲ್ಲಿ ಸೇರಬಾರದು. ಯೂಟ್ಯೂಬ್ ಕೊಂಡಿಯನ್ನಷ್ಟೇ ನಂಬಬೇಡಿ, ಅವು ಮಾಯವಾಗುತ್ತವೆ. ಸಂಸ್ಥೆಯ ಕ್ರಮಸಂಖ್ಯೆ ಉಳಿಯುತ್ತದೆ.

ಹಂತ 10: ಇತರರಿಗೆ ತೋರಿಸುವ ಮುನ್ನ

ಉಚಿತವಾಗಿ ನೋಡಲು ಸಿಕ್ಕಿದ್ದೆಲ್ಲ ಉಚಿತವಾಗಿ ಬಳಸಲು ಸಿಕ್ಕಿದಂತಲ್ಲ. ಸುದ್ದಿಚಿತ್ರಗಳ ಹಕ್ಕು ಕಂಪನಿಗಳದು, ಸಂದರ್ಶನಗಳಿಗೆ ಸಂಸ್ಥೆಯ ಷರತ್ತುಗಳಿರುತ್ತವೆ. ತರಗತಿಯಲ್ಲಿ ತೋರಿಸುವುದಕ್ಕೂ ನಿಮ್ಮ ವೀಡಿಯೋದಲ್ಲಿ ಸೇರಿಸುವುದಕ್ಕೂ ಅನುಮತಿ ಬೇರೆಬೇರೆ. ಬರೆದು ಕೇಳಿ.

ಸತ್ತವರ ದೇಹಗಳ ವಿಷಯದಲ್ಲಿ ನನ್ನ ನಿಲುವು ಕಠಿಣ. 1952ರ ಏಪ್ರಿಲ್‌ನಲ್ಲಿ ಲಂಡನ್ನಿನ ‘ಡೈಲಿ ವರ್ಕರ್’ ಪತ್ರಿಕೆ, ಕತ್ತರಿಸಿದ ತಲೆ ಹಿಡಿದ ಬ್ರಿಟಿಷ್ ಮರೀನ್ ಸೈನಿಕನ ಫೋಟೋ ಪ್ರಕಟಿಸಿತು. ಅದು ಅಸಲಿಯೆಂದು ವಸಾಹತು ಸಚಿವರು ಸಂಸತ್ತಿನಲ್ಲಿ ಒಪ್ಪಬೇಕಾಯಿತು. ಅಂದು ಅದನ್ನು ಪ್ರಕಟಿಸುವುದು ಅಗತ್ಯವಿತ್ತು. ಇಂದು ವೀಡಿಯೋದ ಮುಖಚಿತ್ರವಾಗಿ ಹಾಕಿ ನೋಟಗಳನ್ನು ಗಳಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಘಟನೆಯನ್ನು ಮಾತಿನಲ್ಲಿ ವಿವರಿಸಿ, ಚಿತ್ರ ಎಲ್ಲಿದೆ ಎಂದು ತಿಳಿಸಿ, ಅಷ್ಟು ಸಾಕು. ಶರಣಾದವರ ಮುಖಗಳಿಗೂ ಇದೇ ಎಚ್ಚರ ಬೇಕು: ಅವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅದೇ ಊರುಗಳಲ್ಲಿದ್ದಾರೆ, ಅಲ್ಲಿ ಆ ಹಳೆಯ ಆರೋಪ ಇನ್ನೂ ಪೂರ್ತಿ ಆರಿಲ್ಲ.

ಕೊನೆಯದಾಗಿ, ನೀವು ಗುರುತಿಸಿದ್ದನ್ನು ಪತ್ರಾಗಾರಕ್ಕೆ ತಿಳಿಸಿ. ‘ಅಪರಿಚಿತ ಕೂಲಿಗಳು, ತೋಟ’ ಎಂದು ಪಟ್ಟಿಯಲ್ಲಿರುವ ದೃಶ್ಯದಲ್ಲಿ ತಮಿಳು ಫಲಕವೊಂದನ್ನು ಓದಿ ಊರಿನ ಹೆಸರು ಹಿಡಿದಿರೋ, ಹಿನ್ನೆಲೆಯಲ್ಲಿ ಕೇಳುವ ಹಾಡು ಯಾವ ಭಾಷೆಯದೆಂದು ಗೊತ್ತಾಯಿತೋ, ಕ್ರಮಸಂಖ್ಯೆ ಮತ್ತು ನಿಮಿಷ–ಸೆಕೆಂಡು ಸಮೇತ ಎರಡು ಸಾಲಿನ ಇಮೇಲ್ ಬರೆಯಿರಿ. ಪಟ್ಟಿ ತಿದ್ದಿದ ಮೇಲೆ ಮುಂದೆ ಹುಡುಕುವವರಿಗೆ ಆ ದೃಶ್ಯ ಊರಿನ ಹೆಸರಿನಿಂದಲೇ ಸಿಗುತ್ತದೆ.